ರೇಸ್ ಕಾರಿನಲ್ಲಿ ಸೀಟ್ ಕೂರಿಸುವುದು: ಸೊಂಟದಿಂದ ಶುರು ಮಾಡಿ

ಆಟೋಕ್ರಾಸ್‌ಗೆ ಅಂತಲೋ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೆ ಅಂತಲೋ ಹಳೇ ಎಸ್ಟೀಮ್ ಅಥವಾ ಪೋಲೋ ತಗೊಂಡು ರೆಡಿ ಮಾಡುವವರು ಮೊದಲು ದುಡ್ಡು ಹಾಕುವುದು ಎಂಜಿನ್ನಿಗೆ. ಆಮೇಲೆ ಸಸ್ಪೆನ್ಷನ್ನಿಗೆ, ಟೈರಿಗೆ. ಸೀಟಿನ ನೆನಪಾಗುವುದು ಸ್ಕ್ರೂಟಿನಿ, ಅಂದರೆ ರೇಸಿಗೆ ಮೊದಲಿನ ಕಾರಿನ ತಪಾಸಣೆ, ಹತ್ತಿರ ಬಂದಾಗ. ಆಗ ಎಲ್ಲಿಂದಲೋ ಒಂದು ಬಕೆಟ್ ಸೀಟ್ (ಮೈಯನ್ನು ಎರಡೂ ಕಡೆ ಹಿಡಿಯುವ, ಚಿಪ್ಪಿನಂಥ ರೇಸ್ ಸೀಟ್) ತಂದು, ಹಳೇ ಸೀಟಿನ ರೇಲಿಗೆ ಎರಡು ಪಟ್ಟಿ ವೆಲ್ಡ್ ಮಾಡಿ, ಮೇಲೆ ಕೂತು, ಸ್ಟೀರಿಂಗ್ ಹಿಡಿದು 'ಸರಿ ಇದೆ' ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸೀಟ್, ಬೆಲ್ಟ್, ಕಾರಿನೊಳಗೆ ಪೈಪಿನಿಂದ ಕಟ್ಟುವ ರೋಲ್ ಕೇಜ್, ಗುದ್ದಿದಾಗ ತಲೆ ಮುಂದಕ್ಕೆ ಎಗರದ ಹಾಗೆ ಕತ್ತಿನ ಸುತ್ತ ಹಾಕುವ ಹಾನ್ಸ್, ಈ ನಾಲ್ಕನ್ನೂ ಒಂದೇ ಸಾಮಾನು ಅಂತ ನೋಡಬೇಕು. ಸೀಟ್ ಎರಡು ಇಂಚು ಆಚೀಚೆ ಆದರೆ ಬೆಲ್ಟಿನ ಕೋನ ಬದಲಾಗುತ್ತದೆ, ತಲೆಗೂ ಕೇಜಿಗೂ ನಡುವಿನ ಜಾಗ ಬದಲಾಗುತ್ತದೆ, ಕಾಲಿಗೆ ಬ್ರೇಕ್ ಎಟುಕುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಇದಕ್ಕೊಂದು ಕ್ರಮ ಇದೆ. ಮೊದಲು ಸೊಂಟ, ಆಮೇಲೆ ಕಾಲು, ಆಮೇಲೆ ಕೈ, ಆಮೇಲೆ ತಲೆ, ಕೊನೆಗೆ ಬೆಲ್ಟ್. ಸ್ಟೀರಿಂಗಿನಿಂದ ಶುರು ಮಾಡಿದವರು ಸಾಮಾನ್ಯವಾಗಿ ಕಾಲನ್ನು ಎಲ್ಲೋ ಮಡಚಿಕೊಂಡು ಒದ್ದಾಡುತ್ತಾರೆ.

ಇಲ್ಲಿ ಬರೆದಿರುವುದೆಲ್ಲ ರೋಲ್ ಕೇಜ್ ಹಾಕಿದ, ಮುಚ್ಚಿದ ಮಾಡಿನ, ಬಲಗಡೆ ಸ್ಟೀರಿಂಗಿನ ಕಾರಿಗೆ. ಕೇಜ್ ಇಲ್ಲದ, ರಸ್ತೆಯಲ್ಲಿ ಓಡಿಸುವ ಕಾರನ್ನೇ ಒಂದು ದಿನ ಟ್ರ್ಯಾಕಿಗೆ ಒಯ್ಯುವವರು ಕಂಪನಿ ಸೀಟ್, ಕಂಪನಿಯ ಮೂರು ಪಾಯಿಂಟ್ ಬೆಲ್ಟ್ ಇದ್ದ ಹಾಗೇ ಬಿಡಿ. ಕೇಜ್ ಇಲ್ಲದ ಕಾರಿಗೆ ಬಕೆಟ್ ಸೀಟ್, ರೇಸ್ ಬೆಲ್ಟ್ ಹಾಕಿದರೆ, ಕಾರು ಮಗುಚಿ ಮಾಡು ಕೆಳಗೆ ಬಂದಾಗ ನಿಮ್ಮ ದೇಹ ಪಕ್ಕಕ್ಕೆ ಬಾಗಲೂ ಆಗದ ಹಾಗೆ ನೆಟ್ಟಗೆ ಕಟ್ಟಿಹಾಕಿಕೊಂಡಿರುತ್ತದೆ. ನೋಡೋಕೆ ಚೆನ್ನಾಗಿರುತ್ತೆ ಅಂತ ಮಾಡುವ ಕೆಲಸ ಅಲ್ಲ ಇದು.

ಸೀಟ್ ಕೊಳ್ಳುವಾಗ

ಸೀಟಿನ ಹಿಂದೆ ಎಫ್‌ಐಎ (ಜಗತ್ತಿನ ಮೋಟಾರ್ ರೇಸಿಂಗ್ ನಡೆಸುವ ಸಂಸ್ಥೆ) ಸ್ಟಿಕ್ಕರ್ ಇದೆಯಾ ನೋಡಿ. 8855-1999 ಅಂತಿದ್ದರೆ ತಯಾರಾದ ದಿನದಿಂದ ಐದು ವರ್ಷ ಅದರ ಆಯಸ್ಸು, ಆ ದಿನಾಂಕವೂ ಅದೇ ಸ್ಟಿಕ್ಕರಿನಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಸೀಟ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಅದನ್ನು ಓದಿ, ಸೀಟಿನ ಬಟ್ಟೆ ಎತ್ತಿ ಫೈಬರ್ ಚಿಪ್ಪಿನಲ್ಲಿ ಬಿರುಕು ಇದೆಯಾ ಅಂತ ಬೋಲ್ಟ್ ತೂತಿನ ಸುತ್ತ ಬೆರಳಾಡಿಸಿ ನೋಡಿ. ಒಮ್ಮೆ ಜೋರಾಗಿ ಗುದ್ದಿದ ಕಾರಿನಿಂದ ಬಂದ ಸೀಟ್ ಬೇಡವೇ ಬೇಡ.

ಇನ್ನು ಅಳತೆ. ಸೊಂಟ ಎರಡೂ ಕಡೆ ಸೀಟಿಗೆ ತಾಗಿಕೊಂಡಿರಬೇಕು, ಪಕ್ಕೆಲುಬು ಹಿಡಿದ ಹಾಗಿರಬೇಕು, ಉಸಿರಾಟಕ್ಕೆ ತೊಂದರೆ ಆಗಬಾರದು. ಅಂಗಡಿಯಲ್ಲಿ ಜೀನ್ಸ್ ಹಾಕಿಕೊಂಡು ಕೂತು ನೋಡಿದರೆ ಸಾಲದು, ರೇಸ್ ಸೂಟ್ ಇದ್ದರೆ ಅದನ್ನೇ ಹಾಕಿಕೊಂಡು ಹೋಗಿ. ಸಣ್ಣ ಮೈಕಟ್ಟಿನವರು ದೊಡ್ಡ ಸೀಟ್ ತಗೊಂಡು ಪಕ್ಕದಲ್ಲಿ ದಿಂಬು ತುರುಕುವುದನ್ನು ನೋಡಿದ್ದೇನೆ. ಅದರಿಂದ ಏನೂ ಪ್ರಯೋಜನ ಇಲ್ಲ, ಮೊದಲ ತಿರುವಿನಲ್ಲೇ ದಿಂಬು ಜಾರುತ್ತದೆ.

ತೂತು ಕೊರೆಯುವ ಮೊದಲು

ಡ್ರಿಲ್ ಮಷಿನ್ ದೂರ ಇಡಿ. ಹಳೇ ಸೀಟ್, ಕಾರ್ಪೆಟ್ ಎಲ್ಲ ತೆಗೆದು ನೆಲ ಖಾಲಿ ಮಾಡಿ. ಹಳೇ ಮಾರುತಿ ಕಾರುಗಳಾದರೆ ಕಾರ್ಪೆಟ್ ಕೆಳಗಿನ ಟಾರು ಹಾಳೆಯನ್ನೂ ಕಿತ್ತು, ಸ್ಕ್ರೂಡ್ರೈವರ್ ಹಿಡಿಯಿಂದ ನೆಲವನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಮಂಕಾಗುತ್ತದೆ, ಕೆಲವು ಕಡೆ ಮೊನೆಯಿಂದ ಒತ್ತಿದರೆ ಒಳಗೇ ಹೋಗುತ್ತದೆ. ಅಂಥ ನೆಲಕ್ಕೆ ಸೀಟ್ ಬಿಗಿದು ಏನು ಲಾಭ? ಮೊದಲು ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿಸಿ.

ಆಮೇಲೆ ಮರದ ತುಂಡುಗಳು, ಪ್ಲೈವುಡ್ ಚೂರುಗಳು, ಏನು ಸಿಗುತ್ತದೋ ಅದನ್ನು ನೆಲದ ಮೇಲೆ ಜೋಡಿಸಿ, ಅದರ ಮೇಲೆ ಸೀಟ್ ಇಡಿ. ಈಗ ಪೂರ್ತಿ ವೇಷ ಹಾಕಿಕೊಳ್ಳಿ: ಸೂಟ್, ಶೂ, ಗ್ಲೌಸ್, ಹೆಲ್ಮೆಟ್, ಹಾನ್ಸ್. ಬರಿಗಾಲಿನಲ್ಲಿ, ಬರಿತಲೆಯಲ್ಲಿ ತೆಗೆದ ಅಳತೆ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಒಬ್ಬ ಗೆಳೆಯ ಬೇಕೇ ಬೇಕು, ಯಾಕೆಂದರೆ ಹೆಲ್ಮೆಟ್ ಹಾಕಿ ಕೂತವರಿಗೆ ತಮ್ಮ ತಲೆಯ ಮೇಲೆ ಎಷ್ಟು ಜಾಗ ಇದೆ ಅಂತ ಕಾಣುವುದಿಲ್ಲ.

ಎಡ-ಬಲ ಮೊದಲು ನೋಡಿ. ಸ್ಟೀರಿಂಗಿನ ನಡುವಿನಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ, ಸೀಟಿನ ನಡುಗೆರೆ ಅದಕ್ಕೆ ನೇರವಾಗಿ ಬರುತ್ತದಾ ನೋಡಿ. ತುಂಬಾ ಕಾರುಗಳಲ್ಲಿ ಪೆಡಲ್‌ಗಳು ಸ್ಟೀರಿಂಗಿಗಿಂತ ಸ್ವಲ್ಪ ಒಂದು ಬದಿಗೆ ಇರುತ್ತವೆ. ರೋಡಿನಲ್ಲಿ ಅದು ಗೊತ್ತಾಗುವುದಿಲ್ಲ. ಬಕೆಟ್ ಸೀಟಿನಲ್ಲಿ ಸೊಂಟ ಅಲ್ಲಾಡದ ಹಾಗೆ ಕೂತಾಗ ಮಾತ್ರ ಬೆನ್ನು ತಿರುಚಿಕೊಂಡು ಅರ್ಧ ಗಂಟೆಗೇ ನೋವು ಶುರುವಾಗುತ್ತದೆ. ಸೀಟ್ ಸ್ಟೀರಿಂಗಿಗೆ ನೇರ ಇರಲಿ, ಬೇಕಿದ್ದರೆ ಪೆಡಲ್ ತುದಿಗೆ ಪ್ಲೇಟ್ ಹಾಕಿಸಿ ಅದನ್ನು ಈಚೆಗೆ ತನ್ನಿ.

ಸೊಂಟ ಮತ್ತು ಕಾಲು

ಸೀಟಿನ ಮೂಲೆಗೆ ಕುಂಡೆ ಪೂರ್ತಿ ಹಿಂದೆ ತಳ್ಳಿ ಕೂತುಕೊಳ್ಳಿ. ಬೆನ್ನಿಗೂ ಸೀಟಿಗೂ ನಡುವೆ ಕೈ ತೂರುವಷ್ಟು ಜಾಗ ಇರಬಾರದು. ಇದು ಇಡೀ ಕೆಲಸದ ಬುಡ. ಇಲ್ಲಿ ಸೋಮಾರಿಯಾಗಿ ಮುಂದೆ ಜಾರಿ ಕೂತರೆ ಮುಂದಿನ ಎಲ್ಲ ಅಳತೆಯೂ ಸುಳ್ಳು.

ಫಾರ್ಮುಲಾ ಕಾರಿನ ಫೋಟೋ ನೋಡಿ ಮಲಗಿದ ಹಾಗೆ ಸೀಟ್ ಹಿಂದೆ ಬಾಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಸಲೂನ್ ಕಾರಿನಲ್ಲಿ, ಅಂದರೆ ಮಾಡು, ಬಾಗಿಲು ಇರುವ ನಮ್ಮ ಮಾಮೂಲಿ ಕಾರಿನಲ್ಲಿ, ಬೇಡ. ಫಾರ್ಮುಲಾ ಕಾರಿನಲ್ಲಿ ಬೆಲ್ಟ್, ಸೀಟ್, ಕಾಲಿನ ಎತ್ತರ ಎಲ್ಲವನ್ನೂ ಆ ಭಂಗಿಗೆ ತಕ್ಕ ಹಾಗೆ ಮಾಡಿರುತ್ತಾರೆ. ನಮ್ಮ ಎಸ್ಟೀಮಿನಲ್ಲಿ ಮಲಗಿದರೆ ಗುದ್ದಿದಾಗ ಸೊಂಟಕ್ಕೆ ಅಡ್ಡ ಕಟ್ಟುವ ಲ್ಯಾಪ್ ಬೆಲ್ಟಿನ ಕೆಳಗಿನಿಂದ ಸೊಂಟ ಮುಂದೆ ಜಾರುತ್ತದೆ, ಬೆಲ್ಟ್ ಹೊಟ್ಟೆಯ ಮೆತ್ತನೆ ಭಾಗಕ್ಕೆ ಏರುತ್ತದೆ. ಕರುಳು, ಬೆನ್ನುಮೂಳೆ ಎರಡಕ್ಕೂ ಅಪಾಯ. ಹಾನ್ಸ್ ಕೂಡ ಭಂಗಿಗೆ ತಕ್ಕ ಹಾಗೆ ಬೇರೆ ಬೇರೆ ಕೋನದಲ್ಲಿ ಬರುತ್ತದೆ: ನೆಟ್ಟಗೆ ಕೂರುವ ಸಲೂನ್ ಕಾರಿಗೆ 20 ಡಿಗ್ರಿಯದು, ಹೆಚ್ಚು ಒರಗಿ ಕೂರುವವರಿಗೆ 30 ಅಥವಾ 40ರದು. ಅಂಗಡಿಯಲ್ಲಿ ಯಾವುದಿದೆಯೋ ಅದನ್ನು ತರಬೇಡಿ.

ಈಗ ಕ್ಲಚ್ ನೆಲಕ್ಕೆ ತಾಗುವ ತನಕ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಸೊಂಟ ಸೀಟಿನಿಂದ ಮುಂದೆ ಬರಬಾರದು. ಬ್ರೇಕಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ. ಗ್ಯಾರೇಜಿನಲ್ಲಿ ನಿಂತ ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾಗಿ ಮೇಲೇ ನಿಲ್ಲುತ್ತದೆ. ಟ್ರ್ಯಾಕಿನಲ್ಲಿ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಅದೇ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ಆ ಕೊನೆಯ ಜಾಗಕ್ಕೂ ನಿಮ್ಮ ಕಾಲು ಬಲವಾಗಿ ಎಟುಕಬೇಕು. ಬ್ರೇಕ್ ಬ್ಲೀಡ್ ಮಾಡುವಾಗ, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವಾಗ, ನಿಪ್ಪಲ್ ಬಿಚ್ಚಿದ ಹೊತ್ತಿಗೆ ಪೆಡಲ್ ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದನ್ನು ಸೀಟಿನಲ್ಲಿ ಕೂತೇ ನೋಡಿಕೊಳ್ಳಬಹುದು. ಹಳೇ ಮಾಸ್ಟರ್ ಸಿಲಿಂಡರ್ ಆದರೆ ಜೋರಾಗಿ ಒದೆಯಬೇಡಿ, ಸೀಲ್ ಹಾಳಾಗುತ್ತದೆ, ನಿಧಾನಕ್ಕೆ ಒತ್ತಿ.

ಕಾಲು ಪೂರ್ತಿ ನೆಟ್ಟಗಾಗುವಷ್ಟು ದೂರ ಕೂತರೆ ಏನು ಅಂತ ಕೇಳುತ್ತಾರೆ. ನೆಟ್ಟಗಿರುವ ಕಾಲಿನಲ್ಲಿ ಬ್ರೇಕ್ ಒತ್ತಿಕೊಂಡೇ ಗೋಡೆಗೆ ಗುದ್ದಿದರೆ ಆ ಹೊಡೆತ ನೇರ ಸೊಂಟದ ಕೀಲಿಗೆ ಹೋಗುತ್ತದೆ. ಮಡಚಿದ ಮೊಣಕಾಲಿಗೆ ಇನ್ನಷ್ಟು ಮಡಚಲು ಜಾಗ ಇರುತ್ತದೆ. ಹಾಗಂತ ತೀರಾ ಹತ್ತಿರ ಬಂದರೆ ಮೊಣಕಾಲು ಸ್ಟೀರಿಂಗ್ ಕಾಲಂಗೆ, ಕೀ ಗೊಂಚಲಿಗೆ ಬಡಿಯುತ್ತದೆ. ಕಾಲಂ ಸುತ್ತ ಗಟ್ಟಿ ಫೋಮ್ ಸುತ್ತುವುದು ಹೇಗೂ ಒಳ್ಳೆಯದು. ಎಡಗಾಲಿಗೆ ಊರಲು ಒಂದು ಫುಟ್‌ರೆಸ್ಟ್ ಕೂಡ ಹಾಕಿಸಿ, ಅದಿಲ್ಲದಿದ್ದರೆ ತಿರುವಿನಲ್ಲಿ ಮೈ ಹಿಡಿದುಕೊಳ್ಳಲು ಸ್ಟೀರಿಂಗನ್ನೇ ಎಳೆಯುತ್ತೀರಿ.

ಕೈ

ಭುಜ ಸೀಟಿಗೆ ಅಂಟಿರಲಿ. ಕೈ ಚಾಚಿ ಸ್ಟೀರಿಂಗಿನ ಮೇಲ್ತುದಿಯಲ್ಲಿ ಇಟ್ಟರೆ ಮಣಿಕಟ್ಟು ಅದರ ಮೇಲೆ ಕೂರಬೇಕು. ಬೆರಳ ತುದಿ ಮಾತ್ರ ತಾಗಿದರೆ ದೂರ ಜಾಸ್ತಿ ಆಯಿತು. ಆಮೇಲೆ ಒಂಬತ್ತು-ಮೂರರ ಜಾಗದಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ, ಎರಡೂ ಕಡೆ. ಭುಜ ಸೀಟ್ ಬಿಟ್ಟು ಎದ್ದರೆ ಸ್ಟೀರಿಂಗ್ ಹತ್ತಿರ ತರಬೇಕು. ಸೀಟನ್ನಲ್ಲ, ಸ್ಟೀರಿಂಗನ್ನು! ಸ್ಟೀರಿಂಗಿಗೂ ಕಾಲಂಗೂ ನಡುವೆ ಬಾಸ್ ಮತ್ತು ಸ್ಪೇಸರ್ ಅನ್ನುವ ತುಂಡು ಹಾಕಿದರೆ ಅದು ಆಗುತ್ತದೆ. ಕಾಲಿಗೆ ಸರಿಯಾಗಿ ಕೂತ ಸೀಟನ್ನು ಕೈಗೋಸ್ಕರ ಮುಂದೆ ತಂದು ಕಾಲಿನ ಲೆಕ್ಕ ಕೆಡಿಸುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಪೋಲೋ ಥರದ ಕಾರಿನಲ್ಲಿ ಕಂಪನಿ ಸ್ಟೀರಿಂಗ್ ಬಿಚ್ಚುವುದಿದ್ದರೆ ಅದರಲ್ಲಿ ಏರ್‌ಬ್ಯಾಗ್ ಇರುತ್ತದೆ, ಅದರೊಳಗೆ ಸಿಡಿಯುವ ಮದ್ದು ಇರುತ್ತದೆ. ಬ್ಯಾಟರಿ ತೆಗೆದು, ಕಂಪನಿಯವರು ಹೇಳಿದಷ್ಟು ಹೊತ್ತು ಕಾದು, ಗೊತ್ತಿರುವವರ ಕೈಲಿ ಬಿಚ್ಚಿಸಿ. ಸುಮ್ನೆ ಯೂಟ್ಯೂಬ್ ನೋಡಿ ಕೈ ಹಾಕಬೇಡಿ.

ತಲೆ ಮತ್ತು ಕಣ್ಣು

ಸೀಟ್ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು, ಆದರೆ ಹೊರಗೆ ಕಾಣಬೇಕು. ಬಾನೆಟ್ಟಿನ ಮೇಲಿಂದ ಟ್ರ್ಯಾಕ್, ಎರಡೂ ಕನ್ನಡಿ, ಮಾರ್ಷಲ್ ತೋರಿಸುವ ಬಾವುಟ, ಎಡ ತಿರುವಿನ ಒಳಮೂಲೆ, ಇವೆಲ್ಲ ಕತ್ತು ಚಾಚದೆ ಕಾಣಬೇಕು. ಹಾನ್ಸ್ ಹಾಕಿ ಬೆಲ್ಟ್ ಬಿಗಿದ ಮೇಲೆ ಕತ್ತು ಚಾಚಲು ಆಗುವುದೂ ಇಲ್ಲ. ತಲೆಯ ಪಕ್ಕಕ್ಕೂ ರೆಕ್ಕೆ ಇರುವ ಸೀಟ್ ತಗೊಂಡವರು ಬದಿಯ ನೋಟ ಎಷ್ಟು ಹೋಗುತ್ತದೆ ಅಂತ ಕೂತು ನೋಡಿ, ಕನ್ನಡಿಯ ಜಾಗ ಬದಲಿಸಬೇಕಾಗಬಹುದು.

ಹೆಲ್ಮೆಟ್ಟಿನ ಮೇಲೆ, ಪಕ್ಕದಲ್ಲಿ ಕೇಜ್ ಪೈಪಿಗೆ ಎಷ್ಟು ಜಾಗ? ಕಾಲೇಜು ಹುಡುಗರು ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ, ಚಾಲಕನ ಮುಂದಿನ ಮತ್ತು ಹಿಂದಿನ ಹೂಪ್‌ಗಳ (ಕಮಾನಿನ ಹಾಗೆ ಬಗ್ಗಿಸಿದ ಪೈಪ್) ತುದಿಗೆ ಗೆರೆ ಎಳೆದರೆ ಹೆಲ್ಮೆಟ್ ಅದಕ್ಕಿಂತ 50 ಮಿಲಿಮೀಟರ್ ಆದರೂ ಕೆಳಗೆ ಇರಬೇಕು ಅನ್ನುವ ನಿಯಮ ಇದೆ. ಸಲೂನ್ ಕಾರಿಗೂ ಅದನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಿ, ಸಿಕ್ಕರೆ ಇನ್ನೂ ಜಾಸ್ತಿ ಬಿಡಿ. ಗುದ್ದಿದಾಗ ಬೆಲ್ಟ್ ಹಿಗ್ಗುತ್ತದೆ, ಸೀಟ್ ಬಾಗುತ್ತದೆ, ಮೈ ಮೇಲಕ್ಕೂ ಪಕ್ಕಕ್ಕೂ ಹೋಗುತ್ತದೆ. ನಿಂತ ಕಾರಿನಲ್ಲಿ ಬೇಕಾದಷ್ಟು ಅನಿಸಿದ ಜಾಗ ಆಗ ಸಾಲುವುದಿಲ್ಲ. ತಲೆ ತಲುಪಬಹುದಾದ ಪೈಪಿಗೆಲ್ಲ ಎಫ್‌ಐಎ 8857-2001 ಅಥವಾ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 45.1 ಗುರುತಿನ ಗಟ್ಟಿ ಪ್ಯಾಡಿಂಗ್ ಹಾಕಿ. ಎಸಿ ಪೈಪಿಗೆ ಸುತ್ತುವ ಮೆತ್ತನೆ ಕಪ್ಪು ಫೋಮ್ ಇದೆಯಲ್ವಾ, ಅದು ಈ ಕೆಲಸಕ್ಕೆ ಬರುವುದೇ ಇಲ್ಲ.

ಕುಳ್ಳಗಿರುವವರು ಎತ್ತರಕ್ಕೆ ಅಂತ ಕೆಳಗೆ ಮೆತ್ತೆ ಹಾಕಿಕೊಳ್ಳಬೇಡಿ. ಮೆತ್ತೆ ಹಾಕಿದ ಮೇಲೆ ಬೆಲ್ಟ್ ಬಿಗಿಯುತ್ತೀರಿ, ಗುದ್ದಿದ ಕ್ಷಣಕ್ಕೆ ಮೆತ್ತೆ ಅಪ್ಪಚ್ಚಿಯಾಗುತ್ತದೆ, ಬಿಗಿದ ಬೆಲ್ಟ್ ಅಷ್ಟೂ ಸಡಿಲ. ಸೀಟನ್ನೇ ಎತ್ತರಿಸಿ. ಮೈಗೆ ತಕ್ಕ ಆಕಾರ ಬೇಕಿದ್ದರೆ ಎರಡು ದ್ರವ ಬೆರೆಸಿ ಉಬ್ಬಿಸುವ ಪಿಯು ಫೋಮನ್ನು ಚೀಲದಲ್ಲಿ ಹಾಕಿ, ಅದರ ಮೇಲೆ ಕೂತು ಅಚ್ಚು ತೆಗೆಯುತ್ತಾರೆ. ಗಟ್ಟಿಯಾಗುವಂಥದ್ದು, ಬೆಂಕಿ ಹತ್ತಿಕೊಳ್ಳದಂಥದ್ದು ಇರಲಿ. ಅದು ಉಬ್ಬುವಾಗ ತುಂಬಾ ಬಿಸಿಯಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ಗಾಳಿ ಆಡುವ ಕಡೆ, ಗ್ಲೌಸ್ ಹಾಕಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಒಂದೇ ಕಾರನ್ನು ಇಬ್ಬರು ಓಡಿಸುವುದಿದ್ದರೆ ದೊಡ್ಡವರಿಗೆ ಸೀಟ್ ಕೂರಿಸಿ, ಸಣ್ಣವರಿಗೆ ಇಂಥ ಒಂದು ಅಚ್ಚು ಮಾಡಿಕೊಡುವುದು, ಜಾರುವ ರೇಲ್ ಹಾಕುವುದಕ್ಕಿಂತ ಎಷ್ಟೋ ಮೇಲು.

ಬಿಗಿಯುವುದು

ಈಗ ಜಾಗ ಗೊತ್ತಾಯಿತು. ಮಾರ್ಕರ್‌ನಿಂದ ನೆಲದ ಮೇಲೆ ಗುರುತು ಮಾಡಿ. ಕೊರೆಯುವ ಮೊದಲು ಕಾರಿನ ಕೆಳಗೆ ಮಲಗಿ ನೋಡಿ, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎರಡೂ ನೆಲದ ಕೆಳಗೇ ಹಾದುಹೋಗುತ್ತವೆ.

ಎಫ್‌ಐಎ ಅಪೆಂಡಿಕ್ಸ್ ಜೆ, 253ನೇ ಆರ್ಟಿಕಲ್ ಹೇಳುವ ಅಳತೆಗಳು ಇವು: ಒಂದು ಸೀಟಿಗೆ ಕನಿಷ್ಠ ನಾಲ್ಕು ಕಡೆ ಹಿಡಿತ, 8 ಮಿಲಿಮೀಟರಿಗೆ ಕಡಿಮೆ ಇಲ್ಲದ ಬೋಲ್ಟ್, ಬ್ರಾಕೆಟ್ಟೂ ನೆಲದ ಕೆಳಗೆ ಕೊಡುವ ಪ್ಲೇಟೂ ಸ್ಟೀಲ್ ಆದರೆ 3 ಮಿಲಿಮೀಟರ್, ಅಲ್ಯೂಮಿನಿಯಂ ಆದರೆ 5 ಮಿಲಿಮೀಟರ್ ದಪ್ಪ, ಒಂದೊಂದು ಹಿಡಿತಕ್ಕೂ ಕನಿಷ್ಠ 40 ಚದರ ಸೆಂಟಿಮೀಟರ್ ತಗಡಿನ ಆಸರೆ. ಬರೀ ವಾಷರ್ ಹಾಕಿ ಬಿಗಿದರೆ ತಗಡು ಹರಿದುಕೊಂಡು ಬೋಲ್ಟ್ ಮೇಲೆ ಬರುತ್ತದೆ, ಅದಕ್ಕೇ ಈ ಪ್ಲೇಟ್. ಅದರ ಮೂಲೆಗಳನ್ನು ಗ್ರೈಂಡ್ ಮಾಡಿ ದುಂಡಗೆ ಮಾಡಿ. ನಿಮ್ಮ ಕ್ಲಾಸಿಗೆ ಭಾರತದ ರೇಸಿಂಗ್ ನಡೆಸುವ ಎಫ್‌ಎಂಎಸ್‌ಸಿಐ ಈ ವರ್ಷ ಏನು ಹೇಳಿದೆ ಅನ್ನುವುದನ್ನೂ ಓದಿಕೊಳ್ಳಿ, ನಿಯಮ ಬದಲಾಗುತ್ತಿರುತ್ತವೆ.

ಬೋಲ್ಟ್ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಬರೆದಿರಬೇಕು, ನಟ್ಟು ನೈಲಾಕ್ (ಸಡಿಲವಾಗದ ಹಾಗೆ ಒಳಗೆ ನೈಲಾನ್ ಬಳೆ ಇರುವುದು) ಇರಲಿ. ಸೀಟಿನ ಪಕ್ಕದಿಂದ ಒಳಗೆ ಹೋಗುವ ಬೋಲ್ಟ್ ಉದ್ದ ಜಾಸ್ತಿ ಆದರೆ ತುದಿ ಚಿಪ್ಪಿನೊಳಗೆ ನುಗ್ಗಿ ತೊಡೆಗೆ ಮುಖ ಮಾಡಿ ನಿಲ್ಲುತ್ತದೆ, ಬಿಗಿದ ಮೇಲೆ ಕೈ ಹಾಕಿ ತಡವಿ ನೋಡಿ. ಅಲ್ಯೂಮಿನಿಯಂ ಸೀಟಾದರೆ ಬೆನ್ನಿನ ಹಿಂದೆ ಕೇಜಿಗೆ ಆಸರೆ ಕೊಡಬೇಕಾಗುತ್ತದೆ. ಫೈಬರ್ ಸೀಟಿಗೆ ತಯಾರಕರು ಹೇಳದೆ ಆಸರೆ ಕೊಡಬೇಡಿ, ಬೆನ್ನುಮೂಳೆಯ ಹಿಂದೆ ಒಂದೇ ಕಡೆ ಗಟ್ಟಿಯಾಗಿ ಒತ್ತುತ್ತದೆ.

ಬೆಲ್ಟ್

ಹೆಬ್ಬೆರಳಿನಿಂದ ಹೊಟ್ಟೆಯ ಎರಡೂ ಬದಿ ಕೆಳಗೆ ಒತ್ತುತ್ತಾ ಬನ್ನಿ. ಮುಂದಕ್ಕೆ ಚಾಚಿದ ಎರಡು ಮೂಳೆ ತುದಿ ಸಿಗುತ್ತವೆ. ಲ್ಯಾಪ್ ಬೆಲ್ಟ್ ಅವುಗಳಿಗಿಂತ ಕೆಳಗೆ, ತೊಡೆ ಶುರುವಾಗುವ ಮಡಿಕೆಯ ಹತ್ತಿರ ಹಾದುಹೋಗಬೇಕು. ಹೊಟ್ಟೆಯ ಮೇಲಲ್ಲ. ಪಕ್ಕದಿಂದ ನೋಡಿದರೆ ಅದು ನೆಲದ ಮಟ್ಟಕ್ಕೆ ಸುಮಾರು 45ರಿಂದ 65 ಡಿಗ್ರಿ ಕೋನದಲ್ಲಿ ಹಿಂದೆ-ಕೆಳಗೆ ಹೋಗಬೇಕು. ಸೀಟಿನ ತೂತಿನ ಅಂಚಿಗೆ ಉಜ್ಜಬಾರದು.

ಭುಜದ ಬೆಲ್ಟ್ ಭುಜದಿಂದ ಹಿಂದಕ್ಕೆ ಸಮಮಟ್ಟದಲ್ಲಿ, ಇಲ್ಲವೇ ಸ್ವಲ್ಪ ಇಳಿಜಾರಾಗಿ ಹೋಗಬೇಕು, ಹಾನ್ಸ್ ಇದ್ದಾಗ ಆ ಇಳಿಜಾರು 20 ಡಿಗ್ರಿ ಮೀರದಿರಲಿ. ನೆಲಕ್ಕೆ ಕಟ್ಟಿದರೆ ಗುದ್ದಿದಾಗ ಅದು ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆಯನ್ನು ಅದುಮುತ್ತದೆ. ಸೀಟಿನ ಹಿಂದೆ ಅಡ್ಡ ಇರುವ ಕೇಜಿನ ಹಾರ್ನೆಸ್ ಬಾರಿಗೇ ಕಟ್ಟಿ. ಬೆಲ್ಟ್ ಉದ್ದವಾದಷ್ಟೂ ಹಿಗ್ಗುವುದು ಜಾಸ್ತಿ, ಆದ್ದರಿಂದ ಬಾರ್ ಸೀಟಿಗೆ ಹತ್ತಿರ ಇದ್ದರೆ ಒಳ್ಳೆಯದು. ಸೀಟ್ ಎತ್ತರ ಬದಲಿಸಿದರೆ ಈ ಕೋನವೂ ಬದಲಾಯಿತು ಅಂತ ನೆನಪಿರಲಿ.

ನಾಲ್ಕು ಪಾಯಿಂಟ್ ಬೆಲ್ಟ್ ಸಾಲದಾ ಅಂತ ಕೇಳುವವರು ಒಂದು ಪ್ರಯೋಗ ಮಾಡಿ. ಲ್ಯಾಪ್ ಬೆಲ್ಟ್ ಸರಿಯಾಗಿ ಕಟ್ಟಿ, ಆಮೇಲೆ ಭುಜದ ಬೆಲ್ಟ್ ಜೋರಾಗಿ ಎಳೆಯಿರಿ. ನಡುವಿನ ಬಕಲ್ ಮೇಲಕ್ಕೆ ಬರುತ್ತದೆ, ಜೊತೆಗೆ ಲ್ಯಾಪ್ ಬೆಲ್ಟ್ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ. ಅದನ್ನು ಕೆಳಗೇ ಹಿಡಿದಿಡುವುದು ತೊಡೆಗಳ ನಡುವಿನ ಪಟ್ಟಿ. ಆ ಪಟ್ಟಿ ಇರುವ ಆರು ಪಾಯಿಂಟ್ ಬೆಲ್ಟ್ ತಗೊಳ್ಳಿ. ಕಟ್ಟುವ ಕ್ರಮವೂ ಅದೇ, ಮೊದಲು ಲ್ಯಾಪ್ ಬಿಗಿ, ಆಮೇಲೆ ಭುಜ.

ಹಾನ್ಸ್ ಬಗ್ಗೆ ಒಂದು ಮಾತು. 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಬರ್ಡ್ ಮತ್ತು ಜಿಮ್ ಡೌನಿಂಗ್ ಇದನ್ನು ಮಾಡಿದರು, ಹೆಚ್ಚಿನವರು ಹಾಕಲಿಲ್ಲ. 2001ರ ಫೆಬ್ರವರಿಯಲ್ಲಿ ಡೇಟೋನಾ ಟ್ರ್ಯಾಕಿನಲ್ಲಿ ಅಲ್ಲಿನ ಹೆಸರಾಂತ ನ್ಯಾಸ್ಕಾರ್ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಗುದ್ದಿ, ತಲೆಬುರುಡೆಯ ಬುಡ ಮುರಿದು ತೀರಿಕೊಂಡರು. ಅದೇ ವರ್ಷ ನ್ಯಾಸ್ಕಾರ್‌ನಲ್ಲಿ ಕತ್ತು ಕಾಯುವ ಸಾಧನ ಕಡ್ಡಾಯವಾಯಿತು, 2003ರಲ್ಲಿ ಫಾರ್ಮುಲಾ ಒನ್‌ನಲ್ಲಿ ಹಾನ್ಸ್ ಕಡ್ಡಾಯವಾಯಿತು. ನಮ್ಮ ವೇಗ ಅಷ್ಟಿಲ್ಲ ಅನ್ನಬೇಡಿ. ಗೋಡೆಗೆ ನೇರ ಹೊಡೆದರೆ ಮೈ ಬೆಲ್ಟಿನಲ್ಲಿ ನಿಲ್ಲುತ್ತದೆ, ಹೆಲ್ಮೆಟ್ಟಿನ ಭಾರ ಹೊತ್ತ ತಲೆ ನಿಲ್ಲುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಕಡ್ಡಾಯ ಇಲ್ಲದಿದ್ದರೂ ಹಾಕಿ.

ಹೊರಗೆ ಬರುವುದು, ಮೊದಲ ಸೆಷನ್

ಎಲ್ಲ ಕಟ್ಟಿಕೊಂಡು ಕೂತು ಗೆಳೆಯನ ಕೈಗೆ ಗಡಿಯಾರ ಕೊಡಿ. ಫಾರ್ಮುಲಾ ಸ್ಟೂಡೆಂಟ್ ಕಾರಿನಿಂದ 5 ಸೆಕೆಂಡಿನಲ್ಲಿ ಹೊರಬರಬೇಕು. ಕೇಜಿನ ಬಾಗಿಲು ಪೈಪ್ ದಾಟಬೇಕಾದ ಸಲೂನಿನಲ್ಲಿ ಅಷ್ಟು ಬೇಗ ಆಗದಿರಬಹುದು, ಆದರೆ ಏನು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಹಾನ್ಸ್ ಪೈಪಿಗೆ ತಗುಲುತ್ತದೆ, ತಲೆ ಮೊದಲು ತಗ್ಗಿಸಿ ಬರುವುದನ್ನು ರೂಢಿ ಮಾಡಿಕೊಳ್ಳಿ. ಎಡಗಡೆ ಬಾಗಿಲಿನಿಂದಲೂ ಒಮ್ಮೆ ಬನ್ನಿ. ಬೆಲ್ಟ್ ಬಿಗಿದೇ ಕಾರಿನ ಕರೆಂಟ್ ಕಡಿಯುವ ಕಟ್-ಆಫ್ ಸ್ವಿಚ್, ಬೆಂಕಿ ಆರಿಸುವ ಸಾಧನದ ಗುಂಡಿ ಎರಡೂ ಎಟುಕುತ್ತವಾ ನೋಡಿ. ಎಟುಕದಿದ್ದರೆ ಅವುಗಳ ಜಾಗ ಬದಲಿಸಿ, ಬೆಲ್ಟ್ ಸಡಿಲ ಮಾಡಿಕೊಂಡು ಓಡಿಸಬೇಡಿ.

ಪ್ರತಿ ನಟ್ಟಿನ ಮೇಲೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ, ಅರ್ಧ ನಟ್ಟಿನ ಮೇಲೆ, ಅರ್ಧ ಬ್ರಾಕೆಟ್ ಮೇಲೆ. ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ. ಮೊದಲ ಸೆಷನ್ ಆದ ಕೂಡಲೇ ನೋಡಿ, ಹೊಸ ಬ್ರಾಕೆಟ್ ಕೂರುವಾಗ ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ.

ಮೈಯೂ ಹೇಳುತ್ತದೆ. ಭುಜದ ಮೇಲ್ಭಾಗ ನೋಯುತ್ತಿದ್ದರೆ ಸ್ಟೀರಿಂಗ್ ದೂರ ಅಥವಾ ಎತ್ತರ. ಬಲ ಮೊಣಕಾಲಿನ ಹೊರಬದಿ ಕೆಂಪಾಗಿದ್ದರೆ ನೀವು ಬಾಗಿಲಿಗೆ ಊರಿಕೊಂಡು ಮೈ ಹಿಡಿಯುತ್ತಿದ್ದೀರಿ, ಸೀಟ್ ಸೊಂಟದಲ್ಲಿ ಅಗಲ ಆಯಿತು. ಕಾಲು ಜೋಮು ಹಿಡಿದರೆ ಸೀಟಿನ ಮುಂದಂಚು ತೊಡೆ ಒತ್ತುತ್ತಿದೆ. ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ಬಿದ್ದಿದ್ದರೆ ಮಾತ್ರ ಇನ್ನೊಂದು ಸೆಷನ್‌ಗೆ ಹೋಗಬೇಡಿ, ಲ್ಯಾಪ್ ಬೆಲ್ಟ್ ಮೊದಲು ಸರಿ ಮಾಡಿ.

ಎಲ್ಲ ಸರಿ ಆದ ಮೇಲೆ ಟೇಪ್ ಹಿಡಿದು ನಾಲ್ಕು ಅಳತೆ ಬರೆದಿಡಿ: ಸೀಟಿನ ಮುಂದಂಚಿನಿಂದ ಬ್ರೇಕ್ ಪೆಡಲಿಗೆ, ಸೀಟಿನ ಬೆನ್ನಿನಿಂದ ಸ್ಟೀರಿಂಗಿನ ನಡುವಿಗೆ, ಸೀಟಿನ ತಳದಿಂದ ಮಾಡಿಗೆ, ಭುಜದ ತೂತಿನಿಂದ ಹಾರ್ನೆಸ್ ಬಾರಿಗೆ. ನೆಲದ ಕೆಲಸಕ್ಕೋ ಗೇರ್‌ಬಾಕ್ಸ್ ಕೆಲಸಕ್ಕೋ ಸೀಟ್ ಬಿಚ್ಚಿದಾಗ ಮೆಕ್ಯಾನಿಕ್ಕಿನ ಕೈಗೆ ಆ ಚೀಟಿ ಕೊಟ್ಟರೆ ಸಾಕು, ಅದೇ ಜಾಗಕ್ಕೆ ಮತ್ತೆ ಕೂರಿಸುತ್ತಾರೆ.